ಒಂದೇ ಗೇಮ್, ಎರಡು ಬೆಲೆ: ‘ಆಸ್ಟ್ರೇಲಿಯಾ ಟ್ಯಾಕ್ಸ್’ನ ಲೆಕ್ಕಾಚಾರ

ಅದೇ ಡಿಸ್ಕು, ಅದೇ ಕೋಡು, ಅದೇ ಗ್ರಾಫಿಕ್ಸು. 2011ರಲ್ಲಿ ಲಾಸ್ ಏಂಜಲಿಸ್‌ನ ಅಂಗಡಿಯಲ್ಲಿ ಹೊಸ ಗೇಮಿನ ಬೆಲೆ 60 ಡಾಲರ್. ಸಿಡ್ನಿಯಲ್ಲಿ ಅದೇ ಗೇಮಿಗೆ 100 ಡಾಲರ್. ‘ಅದು ಬೇರೆ ಡಾಲರು, ಇದು ಬೇರೆ ಡಾಲರು’ ಅಂತ ಹೇಳೋಣ ಅಂದ್ರೆ, ಆ ವರ್ಷ ಆಸ್ಟ್ರೇಲಿಯಾದ ಒಂದು ಡಾಲರ್ ಅಮೆರಿಕದ ಒಂದು ಡಾಲರಿಗಿಂತ ಸ್ವಲ್ಪ ಜಾಸ್ತಿಯೇ ಬೆಲೆ ಬಾಳುತ್ತಿತ್ತು! ಹಾಗಾದ್ರೆ ಮೇಲಿನ 40 ಡಾಲರ್ ಯಾರ ಜೇಬಿಗೆ ಹೋಯ್ತು?

ಆಸ್ಟ್ರೇಲಿಯಾದವರು ಇದಕ್ಕೊಂದು ಹೆಸರಿಟ್ಟಿದ್ದಾರೆ: ‘ಆಸ್ಟ್ರೇಲಿಯಾ ಟ್ಯಾಕ್ಸ್’. ಇದು ಸರ್ಕಾರ ಹಾಕಿದ ತೆರಿಗೆ ಅಲ್ಲ. ಆ ದೇಶದಲ್ಲಿ ಇದ್ದೀರಿ ಅನ್ನೋ ಒಂದೇ ಕಾರಣಕ್ಕೆ ಸಾಫ್ಟ್‌ವೇರ್, ಹಾಡು, ಗೇಮ್ ಎಲ್ಲಕ್ಕೂ ಕೊಡಬೇಕಾದ ಹೆಚ್ಚುವರಿ ಹಣ. ಇದು ನಮಗ್ಯಾಕೆ ಅಂತೀರಾ? ಎರಡು ಕಾರಣ ಇದೆ ಗೆಳೆಯರೇ. ಒಂದು, ನಮ್ಮ ಕಾಲೇಜುಗಳಿಂದ ಎಂ.ಎಸ್. ಮಾಡೋಕೆ ಮೆಲ್ಬರ್ನ್, ಸಿಡ್ನಿ ಕಡೆ ಹೊರಡುವವರು ಕಡಿಮೆ ಏನಿಲ್ಲ. ಎರಡು, ಅವರಿಗೆ ಜಾಸ್ತಿ ಬೆಲೆ ಹಾಕಿಸಿದ ಅದೇ ಲೆಕ್ಕಾಚಾರ ನಮ್ಮ ಭಾರತದ ಬೆಲೆಯನ್ನೂ ತೀರ್ಮಾನ ಮಾಡುತ್ತೆ. ಅದು ಹೇಗೆ ಅಂತ ಕೊನೆಯಲ್ಲಿ ನೋಡೋಣ.

ಮೊದಲು ಹೋಲಿಕೆ ಸರಿಯಾಗಿರಲಿ

ಎರಡು ದೇಶದ ಬೆಲೆ ಹೋಲಿಸುವಾಗ ಹೆಚ್ಚಿನವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ವಿನಿಮಯ ದರ. ಎರಡೂ ಕಡೆ ‘ಡಾಲರ್’ ಅಂತಲೇ ಬರೆದಿರೋದ್ರಿಂದ 60 ಮತ್ತು 100 ಅನ್ನು ನೇರವಾಗಿ ಪಕ್ಕಪಕ್ಕ ಇಟ್ಟುಬಿಡುತ್ತಾರೆ. ಗೊಂದಲ ಬೇಡ ಅಂತ ಈ ಲೇಖನದಲ್ಲಿ ಅಮೆರಿಕದ್ದನ್ನು ‘ಯುಎಸ್ ಡಾಲರ್’, ಆಸ್ಟ್ರೇಲಿಯಾದ್ದನ್ನು ‘ಆಸಿ ಡಾಲರ್’ ಅಂತ ಕರೆಯೋಣ.

ಎರಡನೆಯದು ತೆರಿಗೆ. ಅಮೆರಿಕದಲ್ಲಿ ಬೆಲೆಪಟ್ಟಿಯ ಮೇಲೆ ಕಾಣುವುದು ತೆರಿಗೆ ಸೇರಿಸದ ಬೆಲೆ. ಸೇಲ್ಸ್ ಟ್ಯಾಕ್ಸ್ ಬಿಲ್ ಮಾಡುವಾಗ ಸೇರುತ್ತೆ, ಅದೂ ರಾಜ್ಯಕ್ಕೊಂದು ರೀತಿ. ಆಸ್ಟ್ರೇಲಿಯಾದಲ್ಲಿ ಕಾಣುವ ಬೆಲೆಯಲ್ಲೇ 10% ಜಿಎಸ್‌ಟಿ ಸೇರಿರುತ್ತೆ. ಅಲ್ಲಿ ಜಿಎಸ್‌ಟಿ ಬಂದದ್ದು 2000ನೇ ಇಸವಿಯ ಜುಲೈ 1ರಂದು.

ಹಾಗಾಗಿ ನ್ಯಾಯವಾದ ಬೆಲೆ ಎಷ್ಟಿರಬೇಕು ಅನ್ನೋದಕ್ಕೆ ಒಂದು ಸರಳ ಸೂತ್ರ:

ನ್ಯಾಯಬೆಲೆ = (ಯುಎಸ್ ಬೆಲೆ ÷ ಒಂದು ಆಸಿ ಡಾಲರಿಗೆ ಸಿಗುವ ಯುಎಸ್ ಡಾಲರ್) × 1.10

ಅಂಗಡಿಯ ನಿಜವಾದ ಬೆಲೆಯನ್ನು ಈ ನ್ಯಾಯಬೆಲೆಯಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತೆ. ಅದನ್ನು ‘ಗುಣಕ’ ಅನ್ನೋಣ. ಗುಣಕ 1 ಬಂದರೆ ಮೋಸವೂ ಇಲ್ಲ, ಲಾಭವೂ ಇಲ್ಲ. 1.5 ಬಂದರೆ ಐವತ್ತು ಪರ್ಸೆಂಟ್ ಜಾಸ್ತಿ ಕೊಡ್ತಾ ಇದ್ದೀರಿ ಅಂತ ಅರ್ಥ. 1ಕ್ಕಿಂತ ಕಡಿಮೆ ಬಂದರೆ ಅಮೆರಿಕದವನಿಗಿಂತ ನಿಮಗೇ ಅಗ್ಗ.

ನಾಲ್ಕು ಕಾಲ, ಒಂದೇ ಸೂತ್ರ

ಈಗ ಸೂತ್ರಕ್ಕೆ ಸಂಖ್ಯೆ ಹಾಕೋಣ.

2001: ಪ್ಲೇಸ್ಟೇಷನ್ 2 ಕಾಲ. ಅಮೆರಿಕದಲ್ಲಿ ಹೊಸ ಗೇಮ್ 50 ಯುಎಸ್ ಡಾಲರ್, ಆಸ್ಟ್ರೇಲಿಯಾದಲ್ಲಿ 99.95 ಆಸಿ ಡಾಲರ್. ಆ ವರ್ಷ ಏಪ್ರಿಲ್‌ನಲ್ಲಿ ಆಸಿ ಡಾಲರ್ 48 ಯುಎಸ್ ಸೆಂಟಿಗಿಂತಲೂ ಕೆಳಗೆ ಬಿದ್ದಿತ್ತು. ಲೆಕ್ಕಕ್ಕೆ 0.50 ಅಂತ ಇಟ್ಟುಕೊಳ್ಳಿ. ನ್ಯಾಯಬೆಲೆ 50 ÷ 0.50 × 1.10 = 110. ಗುಣಕ 0.91. ಅಂದ್ರೆ ನೋಡೋಕೆ ಎರಡು ಪಟ್ಟು ಕಂಡರೂ ಆಸ್ಟ್ರೇಲಿಯಾದವರಿಗೆ ಆಗ ಗೇಮ್ ಅಗ್ಗವಾಗೇ ಸಿಗ್ತಾ ಇತ್ತು!

2011: ಅಮೆರಿಕದ ಬೆಲೆ 60, ಆಸ್ಟ್ರೇಲಿಯಾದ್ದು ಅದೇ 99.95. ಆದರೆ ಈ ಹತ್ತು ವರ್ಷದಲ್ಲಿ ಆಸಿ ಡಾಲರ್ ರಾಕೆಟ್ ಆಗಿತ್ತು. ಚೀನಾ ಕೊಳ್ಳುತ್ತಿದ್ದ ಕಬ್ಬಿಣದ ಅದಿರು, ಕಲ್ಲಿದ್ದಲಿನಿಂದ ಆಸ್ಟ್ರೇಲಿಯಾಕ್ಕೆ ಹಣದ ಹೊಳೆ. 2010ರ ಅಕ್ಟೋಬರಿನಲ್ಲಿ ಎರಡೂ ಡಾಲರ್ ಸಮಸಮ ಆದವು. 1983ರಲ್ಲಿ ಆಸಿ ಡಾಲರನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಹಾಗಾದದ್ದು ಅದೇ ಮೊದಲು. 2011ರ ಜುಲೈನಲ್ಲಿ ಅದು 1.10ರವರೆಗೂ ಹೋಯ್ತು. ಲೆಕ್ಕಕ್ಕೆ 1.05 ಇಡೋಣ. ನ್ಯಾಯಬೆಲೆ 60 ÷ 1.05 × 1.10 = 62.86. ಗುಣಕ 1.59. ಸುಮಾರು ಅರವತ್ತು ಪರ್ಸೆಂಟ್ ಜಾಸ್ತಿ!

2020: ಪ್ಲೇಸ್ಟೇಷನ್ 5 ಬಿಡುಗಡೆ, ಎರಡೂ ದೇಶದಲ್ಲಿ ನವೆಂಬರ್ 12ಕ್ಕೇ. ಡಿಸ್ಕ್ ಇರುವ ಕನ್ಸೋಲಿಗೆ ಅಲ್ಲಿ 499.99, ಇಲ್ಲಿ 749.95. ವಿನಿಮಯ ದರ ಸುಮಾರು 0.725. ನ್ಯಾಯಬೆಲೆ 758.60. ಗುಣಕ 0.99. ಕನ್ಸೋಲಿನಲ್ಲಿ ‘ಟ್ಯಾಕ್ಸ್’ ಪೂರ್ತಿ ಮಾಯ. ಆದರೆ ಅದೇ ದಿನ ಸೋನಿಯ ಸ್ವಂತ ದೊಡ್ಡ ಗೇಮುಗಳಿಗೆ ಅಲ್ಲಿ 70, ಇಲ್ಲಿ 124.95. ನ್ಯಾಯಬೆಲೆ 106.20. ಗುಣಕ 1.18. ಕನ್ಸೋಲಿನಲ್ಲಿ ಇಲ್ಲದ್ದು ಗೇಮಿನಲ್ಲಿ ಉಳಿದುಕೊಂಡಿತ್ತು.

2025: ವಿನಿಮಯ ದರ ಸುಮಾರು 0.65 ಇದ್ದಾಗ 70 ಯುಎಸ್ ಡಾಲರ್ ಗೇಮಿನ ನ್ಯಾಯಬೆಲೆ 118.50. ಅಂಗಡಿಯಲ್ಲಿ 109.95ರಿಂದ 124.95. ಗುಣಕ 0.93ರಿಂದ 1.05. ಆ ವರ್ಷ ಜೂನ್ 5ಕ್ಕೆ ಬಂದ ನಿಂಟೆಂಡೊ ಸ್ವಿಚ್ 2 ಇನ್ನೂ ಮಜಾ: ಅಲ್ಲಿ 449.99, ಇಲ್ಲಿ 699.95. ನ್ಯಾಯಬೆಲೆ 761 ಆಗಬೇಕಿತ್ತು. ಗುಣಕ 0.92.

ಈ ನಾಲ್ಕು ಸಾಲುಗಳನ್ನು ಮತ್ತೊಮ್ಮೆ ನೋಡಿ. 2001ಕ್ಕೂ 2011ಕ್ಕೂ ನಡುವೆ ಆಸ್ಟ್ರೇಲಿಯಾದ ಬೆಲೆ ಬದಲಾಗಲೇ ಇಲ್ಲ, 99.95 ಅಂದ್ರೆ 99.95. ಬದಲಾದದ್ದು ವಿನಿಮಯ ದರ. ಕಂಪನಿಗಳು ಒಂದು ದಿನ ಕೂತು ‘ಬನ್ನಿ, ಇವರನ್ನು ಸುಲಿಯೋಣ’ ಅಂತ ಬೆಲೆ ಏರಿಸಿದ್ದಲ್ಲ. ಇಳಿಸಬೇಕಾದಾಗ ಇಳಿಸಲಿಲ್ಲ, ಅಷ್ಟೇ.

ಇಳಿಸಲಿಲ್ಲ, ಯಾಕೆ?

ಹಾಲಿನ ದರ ಏರಿದ ಮರುದಿನವೇ ನಮ್ಮ ಹೋಟೆಲಿನ ಕಾಫಿ ಬೆಲೆ ಏರುತ್ತೆ. ಏನೋ ಕಾರಣಕ್ಕೆ ಖರ್ಚು ಇಳಿದಾಗ ಕಾಫಿ ಬೆಲೆ ಇಳಿದದ್ದನ್ನು ಯಾರಾದ್ರೂ ನೋಡಿದ್ದೀರಾ? ಜನ ಒಂದು ಬೆಲೆಗೆ ಒಗ್ಗಿಕೊಂಡ ಮೇಲೆ ಅದನ್ನು ಇಳಿಸೋಕೆ ಮಾರುವವನಿಗೆ ಯಾವ ಒತ್ತಡವೂ ಇರೋದಿಲ್ಲ, ಪಕ್ಕದ ಹೋಟೆಲಿನವನು ಇಳಿಸುವ ತನಕ.

ಕಂಪನಿಗಳು, ಅಂಗಡಿಗಳು ಕೊಡುತ್ತಿದ್ದ ಕಾರಣಗಳೇನು ಅಂತಲೂ ನ್ಯಾಯವಾಗಿ ನೋಡಬೇಕು. ಆಸ್ಟ್ರೇಲಿಯಾ ದೊಡ್ಡ ದೇಶ, ಜನ ಕಡಿಮೆ. ಇಡೀ ಖಂಡದ ಜನಸಂಖ್ಯೆ ಕರ್ನಾಟಕದ ಅರ್ಧದಷ್ಟೂ ಇಲ್ಲ. ಸಾಗಾಣಿಕೆ ದೂರ. ಮಾಲ್ ಬಾಡಿಗೆ ಜಾಸ್ತಿ, ಕೂಲಿ ಜಾಸ್ತಿ. ಪ್ರತಿ ಗೇಮಿಗೂ ಅಲ್ಲಿನ ವರ್ಗೀಕರಣ ಮಂಡಳಿಯ ಮುದ್ರೆ ಬೇಕು. ಅದೂ 2013ರ ಜನವರಿ 1ರವರೆಗೆ ಗೇಮುಗಳಿಗೆ 18 ವರ್ಷ ಮೇಲ್ಪಟ್ಟವರ ದರ್ಜೆಯೇ ಇರಲಿಲ್ಲ. ಹಾಗಾಗಿ ಕೆಲವು ಗೇಮುಗಳನ್ನು ಆ ಮಾರುಕಟ್ಟೆಗೆ ಅಂತಲೇ ಕತ್ತರಿಸಿ ಕೊಡಬೇಕಾಗ್ತಿತ್ತು. ಇದೆಲ್ಲ ಸುಳ್ಳಲ್ಲ, ಖರ್ಚೇ.

ಆದರೆ ಇಂಜಿನಿಯರಿಂಗ್ ಓದುವ ನಾವು ಒಂದು ಕಾರಣವನ್ನು ಒಪ್ಪುವ ಮೊದಲು ಏನು ಮಾಡಬೇಕು? ಆ ಕಾರಣವನ್ನು ತೆಗೆದುಹಾಕಿ, ಫಲಿತಾಂಶ ಬದಲಾಗುತ್ತಾ ಅಂತ ನೋಡಬೇಕು. ಇಲ್ಲಿ ಅಂಥ ಪ್ರಯೋಗ ತಾನಾಗೇ ನಡೆದುಹೋಯ್ತು. ಅದರ ಹೆಸರು ಡೌನ್‌ಲೋಡ್.

ಸ್ಟೀಮ್‌ನಿಂದ ಗೇಮ್ ಇಳಿಸಿಕೊಂಡರೆ ಹಡಗಿಲ್ಲ, ಗೋದಾಮಿಲ್ಲ, ಸಿಡ್ನಿಯ ಬಾಡಿಗೆ ಇಲ್ಲ. ಆಗ ಸ್ಟೀಮ್ ಆಸ್ಟ್ರೇಲಿಯಾದವರಿಗೂ ಯುಎಸ್ ಡಾಲರಿನಲ್ಲೇ ಬಿಲ್ ಮಾಡ್ತಿತ್ತು, ಹಾಗಾಗಿ ವಿನಿಮಯ ದರದ ಅಪಾಯವೂ ಕಂಪನಿಗಿಲ್ಲ. ವಿದೇಶದಿಂದ ಇಳಿಸಿಕೊಳ್ಳುವ ಡಿಜಿಟಲ್ ಸರಕಿನ ಮೇಲೆ 2017ರ ಜುಲೈ 1ರವರೆಗೆ ಜಿಎಸ್‌ಟಿ ಕೂಡ ಇರಲಿಲ್ಲ. ಎಲ್ಲ ಕಾರಣಗಳನ್ನೂ ತೆಗೆದಾಯ್ತು. ಆದರೂ ಕೆಲವು ದೊಡ್ಡ ಗೇಮುಗಳು ಅಮೆರಿಕದ ವಿಳಾಸಕ್ಕೆ 60 ಯುಎಸ್ ಡಾಲರ್, ಆಸ್ಟ್ರೇಲಿಯಾದ ವಿಳಾಸಕ್ಕೆ 80–90 ಯುಎಸ್ ಡಾಲರ್!

ಉಳಿದದ್ದು ಎರಡೇ ಕಾರಣ. ಒಂದು, ಅಂಗಡಿಗಳ ಮುನಿಸು. ಡೌನ್‌ಲೋಡ್ ಅಗ್ಗ ಮಾಡಿದರೆ ಡಿಸ್ಕ್ ಮಾರುವ ದೊಡ್ಡ ಅಂಗಡಿಗಳು ‘ನಿಮ್ಮ ಗೇಮ್ ನಮ್ಮ ಶೆಲ್ಫಿಗೆ ಬೇಡ’ ಅನ್ನಬಹುದು. ಎರಡು, ಅರ್ಥಶಾಸ್ತ್ರದವರು ಬೆಲೆ ತಾರತಮ್ಯ ಅನ್ನುವ ಪದ್ಧತಿ. ಯಾರಿಗೆ ಎಷ್ಟು ಕೊಡೋಕೆ ಆಗುತ್ತೋ ಅವರಿಂದ ಅಷ್ಟು ತಗೊಳ್ಳೋದು.

ಇದು ಕೆಟ್ಟದ್ದೇ ಅಂತ ತಕ್ಷಣ ಹೇಳಬೇಡಿ. ನಿಮ್ಮ ಜೇಬಿನಲ್ಲಿರುವ ವಿದ್ಯಾರ್ಥಿ ಬಸ್ ಪಾಸ್ ಇದೆಯಲ್ಲ, ಅದೂ ಬೆಲೆ ತಾರತಮ್ಯವೇ. ಅದೇ ಬಸ್ಸು, ಅದೇ ಸೀಟು, ಆದರೆ ಪಕ್ಕದ ಅಂಕಲ್ ಪೂರ್ತಿ ಟಿಕೆಟ್ ಕೊಡ್ತಾರೆ. ಈ ಪದ್ಧತಿ ನಡೆಯಬೇಕಾದರೆ ಒಂದು ಷರತ್ತು ಇದೆ: ಅಗ್ಗಕ್ಕೆ ತಗೊಂಡವನು ಅದನ್ನು ಬೇರೆಯವರಿಗೆ ಮಾರೋಕೆ ಆಗಬಾರದು. ಅದಕ್ಕೇ ಪಾಸಿನ ಮೇಲೆ ನಿಮ್ಮ ಫೋಟೋ ಇರೋದು.

ಡಿಸ್ಕಿನ ಮೇಲಿನ ‘ಫೋಟೋ’

ಗೇಮಿಗೆ ಈ ಫೋಟೋ ಯಾವುದು ಅಂದ್ರೆ ರೀಜನ್ ಲಾಕ್. ಅಮೆರಿಕದಲ್ಲಿ ಕೊಂಡ ಡಿಸ್ಕನ್ನು ಆಸ್ಟ್ರೇಲಿಯಾದ ಕನ್ಸೋಲಿಗೆ ಹಾಕಿದರೆ ಓಡುವುದೇ ಇಲ್ಲ. ಹಾಗಾಗಿ ಅಗ್ಗದ ದೇಶದಿಂದ ತರಿಸಿಕೊಂಡರೂ ಪ್ರಯೋಜನ ಇಲ್ಲ.

ಈ ಬೇಲಿಯ ಮೇಲೆ ಆಸ್ಟ್ರೇಲಿಯಾದಲ್ಲಿ ಒಂದು ದೊಡ್ಡ ಕಾನೂನು ಸಮರವೇ ನಡೆಯಿತು. ಸಿಡ್ನಿಯ ಸ್ಟೀವನ್ಸ್ ಎಂಬವರು ಪ್ಲೇಸ್ಟೇಷನ್‌ಗೆ ಮಾಡ್‌ಚಿಪ್ ಹಾಕಿಕೊಡ್ತಾ ಇದ್ದರು. ಆ ಚಿಪ್ ಹಾಕಿದರೆ ಕಾಪಿ ಮಾಡಿದ ಡಿಸ್ಕೂ ಓಡುತ್ತೆ, ಬೇರೆ ದೇಶದ ಅಸಲಿ ಡಿಸ್ಕೂ ಓಡುತ್ತೆ. ಸೋನಿ ಕೋರ್ಟಿಗೆ ಹೋಯ್ತು. 2005ರ ಅಕ್ಟೋಬರಿನಲ್ಲಿ ಅಲ್ಲಿನ ಹೈಕೋರ್ಟ್ (ಆಸ್ಟ್ರೇಲಿಯಾದಲ್ಲಿ ಹೈಕೋರ್ಟೇ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯ) ಸ್ಟೀವನ್ಸ್ ಪರ ತೀರ್ಪು ಕೊಟ್ಟಿತು. ಕನ್ಸೋಲಿನಲ್ಲಿದ್ದ ತಡೆ ಕಾಪಿ ಮಾಡುವುದನ್ನು ತಡೆಯುತ್ತಿರಲಿಲ್ಲ, ಆಡುವುದನ್ನು ಮಾತ್ರ ತಡೆಯುತ್ತಿತ್ತು ಅನ್ನೋದು ತೀರ್ಪಿನ ತಿರುಳು. ಮುಂದೆ 2006ರಲ್ಲಿ ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ತಕ್ಕಂತೆ ಕಾನೂನು ಬಿಗಿಯಾಯಿತು. ಆದರೂ ಗೇಮು, ಸಿನಿಮಾಗಳ ಮಾರುಕಟ್ಟೆಯನ್ನು ದೇಶದ ಗಡಿಯಂತೆ ಹಂಚೋಕೆ ಅಂತ ಹಾಕಿದ ತಡೆಗಳಿಗೆ ಆ ರಕ್ಷಣೆ ಕೊಡಲಿಲ್ಲ. ಅದಕ್ಕೂ ಮೊದಲೇ, 2003ರಲ್ಲಿ, ಸಾಫ್ಟ್‌ವೇರ್ ಮತ್ತು ಗೇಮುಗಳ ಅಸಲಿ ಪ್ರತಿಗಳನ್ನು ಬೇರೆ ದೇಶದಿಂದ ನೇರವಾಗಿ ತರಿಸಿ ಮಾರೋದನ್ನು ಕಾನೂನುಬದ್ಧ ಮಾಡಿದ್ದರು.

ಕಾನೂನು ದಾರಿ ಬಿಟ್ಟುಕೊಟ್ಟಿತ್ತು. ತಂತ್ರಜ್ಞಾನ ದಾರಿ ಬಿಟ್ಟದ್ದು ಆಮೇಲೆ: ಪ್ಲೇಸ್ಟೇಷನ್ 3 ಗೇಮುಗಳು, ಮುಂದೆ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ನಿಂಟೆಂಡೊ ಸ್ವಿಚ್ ಬಂದ ಮೇಲೆ ಡಿಸ್ಕು, ಕಾರ್ಟ್ರಿಜ್‌ಗಳ ಮೇಲಿನ ರೀಜನ್ ಲಾಕ್ ಬಹುಪಾಲು ಹೋಯ್ತು. ಬ್ರಿಟನ್, ಏಷ್ಯಾದಿಂದ ಗೇಮ್ ತರಿಸೋದು ಆಸ್ಟ್ರೇಲಿಯಾದಲ್ಲಿ ಮಾಮೂಲಾಯ್ತು. ಪಕ್ಕದ ಹೋಟೆಲ್ ಕೊನೆಗೂ ಬಾಗಿಲು ತೆಗೆದಿತ್ತು.

ಸಂಸತ್ತು ಕೇಳಿದ ಪ್ರಶ್ನೆ

2012ರಲ್ಲಿ ವಿಷಯ ಆಸ್ಟ್ರೇಲಿಯಾದ ಸಂಸತ್ತಿನ ಮೆಟ್ಟಿಲೇರಿತು. ಕೆಳಮನೆಯ ಒಂದು ಸಮಿತಿ ಐಟಿ ಬೆಲೆಗಳ ತನಿಖೆಗೆ ಕೂತಿತು. ‘ಚಾಯ್ಸ್’ ಎಂಬ ಗ್ರಾಹಕ ಸಂಘಟನೆ ಸಮಿತಿಗೆ ಕೊಟ್ಟ ವರದಿಯಲ್ಲಿ ಐಟಿ ಸರಕುಗಳಿಗೆ ಆಸ್ಟ್ರೇಲಿಯಾದವರು ಸುಮಾರು 50% ಜಾಸ್ತಿ ಕೊಡ್ತಿದ್ದಾರೆ ಅಂತ ತೋರಿಸಿತು. ಅದರಲ್ಲಿ ಒಂದು ಉದಾಹರಣೆ ಎಲ್ಲರ ಬಾಯಲ್ಲೂ ಓಡಾಡಿತು. ಮೈಕ್ರೋಸಾಫ್ಟಿನ ವಿಷುವಲ್ ಸ್ಟುಡಿಯೋದ ದುಬಾರಿ ಆವೃತ್ತಿಗೆ ಎರಡು ದೇಶಗಳ ನಡುವಿನ ಬೆಲೆಯ ಅಂತರ 8,665 ಡಾಲರ್. ಅಷ್ಟು ದುಡ್ಡಿನಲ್ಲಿ ಒಬ್ಬ ಕೆಲಸದವನಿಗೆ 46 ಗಂಟೆ ಸಂಬಳ ಕೊಟ್ಟು, ವಿಮಾನದಲ್ಲಿ ಅಮೆರಿಕಕ್ಕೆ ಕಳಿಸಿ ವಾಪಸ್ ಕರೆಸಬಹುದಿತ್ತು. ಒಂದು ಸಲ ಅಲ್ಲ, ಎರಡು ಸಲ!

ಆಪಲ್, ಮೈಕ್ರೋಸಾಫ್ಟ್, ಅಡೋಬಿ ಮೂರೂ ತಾವಾಗಿ ಬಂದು ಉತ್ತರ ಕೊಡಲಿಲ್ಲ. ಸಮಿತಿ ಸಮನ್ಸ್ ಕಳಿಸಿ 2013ರ ಮಾರ್ಚ್‌ನಲ್ಲಿ ಕ್ಯಾನ್‌ಬೆರಾಕ್ಕೆ ಕರೆಸಬೇಕಾಯ್ತು. ಆ ಜುಲೈನಲ್ಲಿ ವರದಿ ಬಂತು. ರೀಜನ್ ತಡೆಗಳನ್ನು ಗ್ರಾಹಕರು ದಾಟಿಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಸ್ಪಷ್ಟ ಮಾಡಿ, ಉಳಿದ ಆಮದು ನಿರ್ಬಂಧಗಳನ್ನೂ ತೆಗೆಯಿರಿ ಅಂತ ಅದು ಹೇಳಿತು. 2016ರಲ್ಲಿ ಅಲ್ಲಿನ ಉತ್ಪಾದಕತಾ ಆಯೋಗವೂ ಅದೇ ಮಾತು ಹೇಳಿತು.

ಒಂದು ವಿಷಯ ಗಮನಿಸಿ. ‘ಇಂತಿಷ್ಟೇ ಬೆಲೆಗೆ ಮಾರಿ’ ಅಂತ ಯಾರೂ ಹೇಳಲಿಲ್ಲ. ಬೆಲೆ ಇಡುವುದು ಕಂಪನಿಯ ಹಕ್ಕು. ಬೇರೆ ಕಡೆಯಿಂದ ಕೊಳ್ಳುವುದು ಗ್ರಾಹಕನ ಹಕ್ಕು. ಎರಡನೆಯದನ್ನು ತಡೆಯಬೇಡಿ ಅಷ್ಟೇ ಅನ್ನೋದು ವಾದ.

ಹಾಗಾದ್ರೆ ಗುಣಕ 1.59ರಿಂದ 1ರ ಹತ್ತಿರಕ್ಕೆ ಇಳಿದದ್ದು ವರದಿಯಿಂದಲಾ? ಪೂರ್ತಿ ಅಲ್ಲ. ದೊಡ್ಡ ಪಾಲು ವಿನಿಮಯ ದರದ್ದೇ. ಆಸಿ ಡಾಲರ್ 2013ರ ನಂತರ ಇಳಿಯುತ್ತಾ ಬಂತು, ಗೇಮಿನ ಬೆಲೆ ಮಾತ್ರ ಅಷ್ಟಾಗಿ ಏರಲಿಲ್ಲ. ಏರಿಸಲು ಬಿಡದೆ ಹಿಡಿದಿಟ್ಟದ್ದು ಪೈಪೋಟಿ: ಆಮದು, ಸೂಪರ್ ಮಾರ್ಕೆಟ್ಟುಗಳು, 2017ರ ಡಿಸೆಂಬರಿನಲ್ಲಿ ಬಂದ ಅಮೆಜಾನ್. 2018ರ ನವೆಂಬರಿನಲ್ಲಿ ಸ್ಟೀಮ್ ಕೂಡ ಆಸಿ ಡಾಲರಿನಲ್ಲೇ ಬೆಲೆ ತೋರಿಸೋಕೆ ಶುರು ಮಾಡಿತು.

ಗಂಟೆಯ ಲೆಕ್ಕದಲ್ಲಿ ನೋಡಿದರೆ

ಇನ್ನೊಂದು ಅಳತೆಗೋಲು ಇದೆ: ಒಂದು ಗೇಮಿಗೆ ಎಷ್ಟು ಗಂಟೆ ದುಡಿಯಬೇಕು? ಆಸ್ಟ್ರೇಲಿಯಾದ ಕನಿಷ್ಠ ವೇತನ 2025ರ ಜುಲೈ 1ರಿಂದ ಗಂಟೆಗೆ 24.95 ಆಸಿ ಡಾಲರ್. 124.95ರ ಗೇಮಿಗೆ ಹೆಚ್ಚೂಕಡಿಮೆ ಸರಿಯಾಗಿ 5 ಗಂಟೆ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ 2009ರಿಂದಲೂ 7.25 ಯುಎಸ್ ಡಾಲರ್‌ನಲ್ಲೇ ನಿಂತಿದೆ. 70 ಡಾಲರಿನ ಗೇಮಿಗೆ ಸುಮಾರು 9 ಗಂಟೆ 40 ನಿಮಿಷ. (ಅಲ್ಲಿನ ಅನೇಕ ರಾಜ್ಯಗಳಲ್ಲಿ ವೇತನ ಇದಕ್ಕಿಂತ ಜಾಸ್ತಿ ಇದೆ, ಅದನ್ನೂ ನೆನಪಿಡಿ.) ಗುಣಕ ಅತಿ ಕೆಟ್ಟದಾಗಿದ್ದ 2011ರಲ್ಲೂ ಆಸ್ಟ್ರೇಲಿಯಾದವನಿಗೆ ಸುಮಾರು 6 ಗಂಟೆ 25 ನಿಮಿಷ, ಅಮೆರಿಕದವನಿಗೆ 8 ಗಂಟೆ 15 ನಿಮಿಷ.

ಕಂಪನಿಗಳು ಧೈರ್ಯವಾಗಿ ಬೆಲೆ ಜಾಸ್ತಿ ಇಟ್ಟದ್ದರ ಗುಟ್ಟು ಇದೇ: ಅಲ್ಲಿನವರು ಕೊಡಬಲ್ಲವರಾಗಿದ್ದರು. ಆದರೆ ಇಲ್ಲಿಂದ ಹೋದ ವಿದ್ಯಾರ್ಥಿಯ ಲೆಕ್ಕ ಬೇರೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಅದರಲ್ಲಿ ಬಾಡಿಗೆ, ಊಟ, ಬಸ್ಸು ಎಲ್ಲ ಆಗಬೇಕು. 5 ಗಂಟೆ ಅಂದ್ರೆ ಆ 48ರಲ್ಲಿ ಹತ್ತನೇ ಒಂದು ಭಾಗ. ಹಾಗಾಗಿ ಉಳಿಸೋದು ಹೇಗೆ ಅನ್ನೋದು ಬರೀ ಹವ್ಯಾಸದ ಪ್ರಶ್ನೆ ಅಲ್ಲ.

ಉಳಿಸುವ ದಾರಿಗಳು

1. ಕನ್ಸೋಲಿನ ಒಳಗಿನ ಸ್ಟೋರ್ ಕೊನೆಯ ಆಯ್ಕೆ ಆಗಿರಲಿ. ಬಿಡುಗಡೆಯ ವಾರದಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ಬೆಲೆ ಇರೋದು ಅಲ್ಲೇ, ಯಾಕಂದ್ರೆ ಆ ಮಷೀನಿನಲ್ಲಿ ಅದು ಒಂದೇ ಅಂಗಡಿ. ಅದೇ ವಾರ ಬಿಗ್ ಡಬ್ಲ್ಯೂ, ಜೆಬಿ ಹೈ-ಫೈ, ಅಮೆಜಾನ್‌ಗಳು ಡಿಸ್ಕಿನ ಮೇಲೆ ಪೈಪೋಟಿಗೆ ಬಿದ್ದಿರುತ್ತವೆ.

2. ಬೆಲೆ ಕೇಳಿ, ಚೌಕಾಸಿ ಮಾಡಿ. ‘ಆ ಅಂಗಡಿಯಲ್ಲಿ ಇಷ್ಟಕ್ಕೆ ಸಿಗ್ತಾ ಇದೆ’ ಅಂತ ಫೋನಿನಲ್ಲಿ ತೋರಿಸಿದರೆ ಅದೇ ಬೆಲೆಗೆ ಕೊಡುವ ಪದ್ಧತಿ ಅಲ್ಲಿನ ಅನೇಕ ದೊಡ್ಡ ಅಂಗಡಿಗಳಲ್ಲಿದೆ. ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿದವರಿಗೆ ಇದೇನು ಹೊಸದಲ್ಲ, ನಾಚಿಕೆ ಬಿಟ್ಟರಾಯ್ತು.

3. ಕೊಂಡ ಬೆಲೆ ಅಲ್ಲ, ನಿವ್ವಳ ಬೆಲೆ ನೋಡಿ. ಉದಾಹರಣೆಗೆ 89 ಡಾಲರಿಗೆ ಡಿಸ್ಕ್ ಕೊಂಡು, ಆಡಿ ಮುಗಿಸಿ, 55ಕ್ಕೆ ಮಾರಿದರೆ ನಿಮ್ಮ ಖರ್ಚು 34 ಮಾತ್ರ. ಡೌನ್‌ಲೋಡ್ ಪ್ರತಿ 75ಕ್ಕೇ ಸಿಕ್ಕರೂ ಖರ್ಚು 75, ಯಾಕಂದ್ರೆ ಅದನ್ನು ಮಾರೋಕೆ ಆಗಲ್ಲ. ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ಅಗ್ಗ ಅಂತ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ. ಅಂಥದ್ದರಲ್ಲಿ ನಾಲ್ಕೈದು ಗೇಮಿಗೇ ಉಳಿತಾಯ ಕರಗಿಹೋಗುತ್ತೆ.

4. ಕಾಯಿರಿ. ಅಲ್ಲಿ ಆರ್ಥಿಕ ವರ್ಷ ಮುಗಿಯೋದು ಜೂನ್ 30ಕ್ಕೆ, ಆ ತಿಂಗಳೆಲ್ಲ ಸೇಲ್. ಆಮೇಲೆ ನವೆಂಬರಿನ ಬ್ಲ್ಯಾಕ್ ಫ್ರೈಡೇ, ಡಿಸೆಂಬರ್ 26ರ ಬಾಕ್ಸಿಂಗ್ ಡೇ. ಸ್ಟೀಮ್‌ನ ‘ಬೇಸಿಗೆ ಸೇಲ್’ ಬರೋ ಹೊತ್ತಿಗೆ ಅಲ್ಲಿ ಚಳಿಗಾಲ, ಮನೆಯಲ್ಲಿ ಕೂತು ಆಡೋಕೆ ಸರಿಯಾದ ಕಾಲ! ಒಂದು ಗೇಮ್ ಹಿಂದೆ ಎಷ್ಟಕ್ಕೆ ಇಳಿದಿತ್ತು ಅಂತ ತೋರಿಸುವ ತಾಣಗಳಿವೆ, ‘70% ರಿಯಾಯಿತಿ’ ನಿಜವಾ ಅಂತ ಅಲ್ಲಿ ನೋಡಿ.

5. ಲೈಬ್ರರಿ. ಆಸ್ಟ್ರೇಲಿಯಾದ ಅನೇಕ ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕದ ಹಾಗೆ ಕನ್ಸೋಲ್ ಗೇಮುಗಳನ್ನೂ ಉಚಿತವಾಗಿ ಎರವಲು ಕೊಡುತ್ತವೆ. ಒಂದು ಸಲ ಕಥೆ ಮುಗಿಸಿದರೆ ಮತ್ತೆ ಮುಟ್ಟದ ಗೇಮುಗಳಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

6. ಗಿಫ್ಟ್ ಕಾರ್ಡ್. ಕೋಲ್ಸ್, ವುಲ್ವರ್ತ್ಸ್‌ನಂಥ ಸೂಪರ್ ಮಾರ್ಕೆಟ್ಟುಗಳು ಆಗಾಗ ಗಿಫ್ಟ್ ಕಾರ್ಡಿನ ಮೇಲೆ ರಿಯಾಯಿತಿ ಅಥವಾ ಹೆಚ್ಚು ಪಾಯಿಂಟ್ ಕೊಡುತ್ತವೆ. ಸೇಲ್ ಬೆಲೆಯ ಮೇಲೆ ಈ ರಿಯಾಯಿತಿಯೂ ಸೇರಿದರೆ ಡಬಲ್ ಲಾಭ.

7. ‘ಡಾಲರ್’ ಯಾವುದು ಅಂತ ನೋಡಿ. ವಿದೇಶಿ ತಾಣದಲ್ಲಿ 49.99 ಅಂತಿದ್ದರೆ ಅದು ಯುಎಸ್ ಡಾಲರ್ ಆಗಿರಬಹುದು. 0.65 ದರದಲ್ಲಿ ಅದು 77 ಆಸಿ ಡಾಲರ್. ಮೇಲೆ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ.

8. ತೀರಾ ಅಗ್ಗದ ‘ಕೀ’ಗಳ ಬಗ್ಗೆ ಹುಷಾರು. ಪ್ರಕಾಶಕರಿಂದಲೇ ನೇರ ಪಡೆದು ಮಾರುವ ತಾಣಗಳು ಬೇರೆ, ಯಾರ್ಯಾರೋ ತಂದಿಟ್ಟ ಕೀ ಮಾರುವ ಸಂತೆಗಳು ಬೇರೆ. ಎರಡನೆಯದರಲ್ಲಿ ಕದ್ದ ಕಾರ್ಡಿನಿಂದ ಕೊಂಡ ಕೀ ಸಿಕ್ಕಿ, ಆಮೇಲೆ ಅದು ರದ್ದಾದರೆ ‘ಇಸ್ಕೊಂಡೋನು ಈರಭದ್ರ, ಕೊಟ್ಟೋನು ಕೋಡಂಗಿ’.

9. ನಿಮ್ಮ ಹಕ್ಕು ಬಳಸಿ. 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ ಕೊಂಡ ವಸ್ತು ದೊಡ್ಡ ದೋಷದಿಂದ ಕೂಡಿದ್ದರೆ ಹಣ ವಾಪಸ್ ಕೇಳಬಹುದು. ಗೇಮಿಗೂ ಇದು ಅನ್ವಯ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ‘ರಿಫಂಡ್ ಇಲ್ಲ’ ಅಂತ ಗ್ರಾಹಕರನ್ನು ದಾರಿ ತಪ್ಪಿಸಿತು ಅಂತ ಅಲ್ಲಿನ ಸ್ಪರ್ಧಾ ಆಯೋಗ ದಾವೆ ಹೂಡಿತು. 2016ರಲ್ಲಿ ಕೋರ್ಟ್ ವಾಲ್ವ್‌ಗೆ 30 ಲಕ್ಷ ಆಸಿ ಡಾಲರ್ ದಂಡ ಹಾಕಿತು. 2020ರಲ್ಲಿ ಇದೇ ಬಗೆಯ ಕೇಸಿನಲ್ಲಿ ಸೋನಿಯ ಗೇಮಿಂಗ್ ಅಂಗಸಂಸ್ಥೆಗೆ 35 ಲಕ್ಷ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ವಾಪಸ್ ಕೊಡುವ ಸ್ಟೀಮ್‌ನ ನಿಯಮ ನಮಗೂ ಇದೆ. ಆದರೆ ದೋಷದ ಗೇಮಿಗೆ ಆಸ್ಟ್ರೇಲಿಯಾದವರಿಗಿರುವ ಹಕ್ಕು ಆ 2 ಗಂಟೆಗೆ ನಿಲ್ಲುವುದಿಲ್ಲ. ‘ಮನಸ್ಸು ಬದಲಾಯ್ತು’ ಅನ್ನೋದಕ್ಕೆ ಮಾತ್ರ ಆ ಕಾನೂನು ಸಹಾಯ ಮಾಡಲ್ಲ.

‘ಊರಿನ ಅಕೌಂಟ್’ ಉಪಾಯ ಬೇಡ

ಇದನ್ನು ಓದಿದ ಯಾರಿಗಾದ್ರೂ ಒಂದು ಐಡಿಯಾ ಹೊಳೆದೇ ಹೊಳೆಯುತ್ತೆ: ಮೆಲ್ಬರ್ನ್‌ನಲ್ಲಿ ಕೂತು, ಸ್ಟೀಮ್ ಅಕೌಂಟನ್ನು ಭಾರತ ಅಂತ ಇಟ್ಟು, ಊರಲ್ಲಿರೋ ತಮ್ಮನ ಯುಪಿಐನಿಂದ ರೂಪಾಯಿಯಲ್ಲಿ ಕೊಂಡರೆ? ಸ್ಟೀಮ್‌ನ ನಿಯಮದ ಪ್ರಕಾರ ನೀವು ವಾಸ ಇರುವ ದೇಶದ ಅಂಗಡಿಯಲ್ಲೇ ಕೊಳ್ಳಬೇಕು. ದೇಶ ಬದಲಿಸೋಕೆ ಆ ದೇಶದ ಪಾವತಿ ವಿಧಾನ ಬೇಕು, ಪದೇ ಪದೇ ಬದಲಿಸಲೂ ಬಿಡಲ್ಲ. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಗಿಫ್ಟ್ ಕೂಡ ಕಳಿಸೋಕೆ ಆಗಲ್ಲ. ಸಿಕ್ಕಿಬಿದ್ದರೆ ಅಕೌಂಟಿಗೇ ಕುತ್ತು, ವರ್ಷಗಟ್ಟಲೆ ಕೂಡಿಸಿದ ಲೈಬ್ರರಿ ಎಲ್ಲ ಅದರಲ್ಲೇ ಇರುತ್ತೆ. ಡಿಸ್ಕನ್ನು ಮಾತ್ರ ಆರಾಮಾಗಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಬಹುದು, ಅದರಲ್ಲಿ ಯಾವ ತಪ್ಪೂ ಇಲ್ಲ.

ಬೇಲಿಯ ಈ ಕಡೆ ನಾವು

ಈಗ ನಮ್ಮ ಲೆಕ್ಕ. 2020ರಲ್ಲಿ 70 ಯುಎಸ್ ಡಾಲರಿನ ಸೋನಿ ಗೇಮಿಗೆ ಭಾರತದಲ್ಲಿ 4,999 ರೂಪಾಯಿ. ಆಗ ಯುಎಸ್ ಡಾಲರಿಗೆ ಸುಮಾರು 74 ರೂ. ನಮ್ಮ 18% ಜಿಎಸ್‌ಟಿ ಹಾಕಿದರೆ ನ್ಯಾಯಬೆಲೆ 70 × 74 × 1.18, ಅಂದ್ರೆ ಸುಮಾರು 6,112 ರೂ. ಗುಣಕ 0.82. ಅದೇ ಗೇಮ್, ಅದೇ ವರ್ಷ, ಆಸ್ಟ್ರೇಲಿಯಾದಲ್ಲಿ ಗುಣಕ 1.18. ಅವರು ಹದಿನೆಂಟು ಪರ್ಸೆಂಟ್ ಜಾಸ್ತಿ, ನಾವು ಹದಿನೆಂಟು ಪರ್ಸೆಂಟ್ ಕಡಿಮೆ! 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿ ಬೆಲೆ ತಂದಾಗಲೂ ಅನೇಕ ಗೇಮುಗಳು ಡಾಲರ್ ಬೆಲೆಗಿಂತ ಅಗ್ಗಕ್ಕೆ ಬಂದವು.

ಅಂದ್ರೆ ಆಸ್ಟ್ರೇಲಿಯಾದವನು ಶಪಿಸುವ ಬೇಲಿಯೇ ನಮ್ಮನ್ನು ಕಾಯ್ತಾ ಇದೆ. ನಾಳೆ ಡಿಜಿಟಲ್ ಅಂಗಡಿಗಳ ಬೇಲಿ ಪೂರ್ತಿ ಬಿದ್ದು ಎಲ್ಲಿಂದ ಬೇಕಾದರೂ ಕೊಳ್ಳಬಹುದು ಅಂತಾದರೆ, ಕಂಪನಿಗಳು ಅವರ ಬೆಲೆಯನ್ನು ನಮ್ಮ ಮಟ್ಟಕ್ಕೆ ಇಳಿಸ್ತಾವಾ, ನಮ್ಮ ಬೆಲೆಯನ್ನು ಅವರ ಮಟ್ಟಕ್ಕೆ ಏರಿಸ್ತಾವಾ? ಹಾಲು ಮತ್ತು ಕಾಫಿಯ ಉದಾಹರಣೆ ನೆನಪಿದ್ದರೆ ಉತ್ತರ ಊಹಿಸಬಹುದು. ‘ಎಲ್ಲರಿಗೂ ಒಂದೇ ಬೆಲೆ’ ಅನ್ನೋದು ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ದುಡಿಮೆ ಒಂದೇ ಅಲ್ಲದ ಜಗತ್ತಿನಲ್ಲಿ ಒಂದೇ ಬೆಲೆಯ ಭಾರ ಕಡಿಮೆ ದುಡಿಯುವವನ ಮೇಲೇ ಜಾಸ್ತಿ ಬೀಳುತ್ತೆ. ಹಾಗಂತ 2011ರ 1.59 ಸರಿ ಅಂತಲೂ ಅಲ್ಲ. ತಾರತಮ್ಯ ಬಡವನಿಗೆ ರಿಯಾಯಿತಿ ಆದಾಗ ಒಂದು, ಸಿಕ್ಕಿಬಿದ್ದ ಗಿರಾಕಿಯ ಸುಲಿಗೆ ಆದಾಗ ಇನ್ನೊಂದು. ಎರಡಕ್ಕೂ ಸೂತ್ರ ಒಂದೇ, ಅದಕ್ಕೇ ಸಂಖ್ಯೆ ಹಾಕಿ ನೋಡದೆ ತೀರ್ಪು ಕೊಡಬಾರದು.

ಒಂದು ಸಣ್ಣ ಹೋಂವರ್ಕ್ ಕೊಟ್ಟು ಮುಗಿಸ್ತೀವಿ. ನಿಮ್ಮ ವಿಶ್‌ಲಿಸ್ಟಿನ ಮೂರು ಗೇಮ್ ತಗೊಳ್ಳಿ: ಒಂದು ದೊಡ್ಡ ಕಂಪನಿಯದು, ಒಂದು ಸಣ್ಣ ತಂಡ ಮಾಡಿದ್ದು, ಒಂದು ಐದು ವರ್ಷ ಹಳೆಯದು. ಇವತ್ತಿನ ವಿನಿಮಯ ದರ ಹಾಕಿ ಮೂರರ ಗುಣಕವನ್ನೂ ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಕಂಡುಹಿಡಿಯಿರಿ. ಗುಣಕ 1ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿಯಾಗಿ ಕೊಳ್ಳಿ. 1.2 ದಾಟಿದ್ದರೆ ಸೇಲ್ ಬರುವವರೆಗೆ ಕಾಯಿರಿ, ಅಷ್ಟರಲ್ಲಿ ಈ ಸೆಮಿಸ್ಟರ್‌ನ ಇಂಟರ್ನಲ್ಸ್ ಕೂಡ ಮುಗಿದಿರುತ್ತೆ!